ಮುಳ್ಳಿಗೆ ಸಾಕ್ಷಿ ಯಾರು?

"ಸಾರ್, ದೇವರನ್ನ ಒಂಚೂರು ಸರಿಸಬೇಕಾಗತ್ತೆ."

ನಂಜನಗೂಡಿನ ಆಟೊ ಎಲೆಕ್ಟ್ರಿಷಿಯನ್ ಹುಡುಗ ಹೀಗೆಂದಾಗ ನಾನು ಕಾರಿನ ಬಾಗಿಲು ಹಿಡಿದು ನಿಂತಿದ್ದೆ. ಅಮ್ಮ ಅಂಗಡಿಯ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಡ್ಯಾಶ್‌ಬೋರ್ಡಿನ ನಡುವೆ, ಗಾಜಿನ ಬುಡದಲ್ಲಿ, ಅಮ್ಮ ತಮ್ಮ ಕೈಯಾರೆ ಅಂಟಿಸಿದ ನಂಜುಂಡೇಶ್ವರನ ಪುಟ್ಟ ವಿಗ್ರಹವಿದೆ. ನಾನು ಕೊಂಡು ತಂದಿದ್ದ ಎರಡು ಮೀಟರುಗಳನ್ನು, ಅವು ಕೂರುವ ಕಪ್ಪು ಗೂಡನ್ನು, ಬೇರೆಲ್ಲಿಟ್ಟರೂ ಒಂದೋ ರಸ್ತೆಗೆ ಅಡ್ಡ, ಇಲ್ಲವೇ ಎ.ಸಿ. ಗಾಳಿಗೆ ಅಡ್ಡ. ದೇವರು ಕೂತಿದ್ದ ಜಾಗವೇ ಸರಿಯಾದ ಜಾಗ. ಹುಡುಗ ಗ್ರೀಸಿನ ಕೈಗೆ ಸೋಪುಪುಡಿ ಹಾಕಿ ತೊಳೆದ, ಒರೆಸಿಕೊಂಡ, ಆಮೇಲೆ ಅಮ್ಮನ ಮುಖ ನೋಡಿದ.

"ಸರಿಸಪ್ಪ. ತೆಗೀಬೇಡ" ಅಂದರು ಅಮ್ಮ.

ಕಳಲೆಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಊರು ಹತ್ತಿರವಾಗುತ್ತಿದ್ದಂತೆ ಕೇಳಿದರು: "ಇಷ್ಟು ವರ್ಷ ಅವನು ನೋಡ್ಕೊಂಡಿದ್ದು ಸಾಲದಾಯ್ತೇನೋ?"

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಆ ಪ್ರಶ್ನೆಗೆ ಅವತ್ತು ನನ್ನಲ್ಲಿ ಉತ್ತರವಿರಲಿಲ್ಲ.

ಮೀಟರು ಹಾಕಿಸುವ ಯೋಚನೆ ಬಂದದ್ದು ಮಹದೇಶ್ವರ ಬೆಟ್ಟದ ದಾರಿಯಲ್ಲಿ. ತಾಳುಬೆಟ್ಟ ದಾಟಿ ತಿರುವುಗಳನ್ನು ಏರುತ್ತಿದ್ದಾಗ ಎಂಜಿನ್ನಿನ ಎಳೆತ ಕುಗ್ಗಿತು, ಸುಟ್ಟ ವಾಸನೆ ಬಂತು. ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರಿನ ಹೋಸು ಸೀಳಿತ್ತು, ಒಳಗೆ ತೊಟ್ಟು ನೀರಿರಲಿಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿತ್ತು. ನನ್ನನ್ನು ಕಾಡಿದ್ದು ಆ ಖರ್ಚಲ್ಲ. ನನ್ನ ಕಾರಿನಲ್ಲಿ ಬಿಸಿ ತೋರಿಸುವ ಮುಳ್ಳಿಲ್ಲ, ಬಿಸಿ ಮೀರಿದರೆ ಹೊತ್ತಿಕೊಳ್ಳುವ ಒಂದು ಕೆಂಪು ದೀಪವಿದೆ. ಆ ದೀಪ ಕೊನೆಯವರೆಗೂ ಹೊತ್ತಿಕೊಳ್ಳಲೇ ಇಲ್ಲ.

ಕಾರಣ ಆಮೇಲೆ ತಿಳಿಯಿತು. ಬಿಸಿ ಅಳೆಯುವ ಸೆನ್ಸರಿನ ಮೂತಿ ನೀರಿನಲ್ಲಿ ಮುಳುಗಿರಬೇಕು. ಅದು ಹೇಳುವುದು ತನ್ನನ್ನು ಮುಟ್ಟಿದ ನೀರಿನ ಬಿಸಿಯನ್ನು. ನೀರು ಸೋರಿಹೋದ ಮೇಲೆ ಅದರ ಸುತ್ತ ಬರೀ ಗಾಳಿ, ಆವಿ. ಲೋಹ ಕಾದು ಬಿರಿಯುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಬಂದ ಗಳಿಗೆಯಲ್ಲೇ ಅದು ಮೌನವಾಗಿರುತ್ತದೆ. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. "ದೀಪ ಹೊತ್ತಿಲ್ಲ, ಆದ್ದರಿಂದ ಎಲ್ಲ ಸರಿಯಾಗಿದೆ" ಎಂಬ ಒಂದು ಊಹೆಯ ಮೇಲೆ ಎಷ್ಟು ಸಾವಿರ ಮೈಲಿ ಓಡಿದ್ದೆ! ಕಾರು ಬಿಡಿ, ಮನೆಯವರ ವಿಷಯದಲ್ಲಿ, ನನ್ನ ಮನಸ್ಸಿನ ವಿಷಯದಲ್ಲಿ, ಇನ್ನೆಷ್ಟು ಕಡೆ ಹೀಗೆ ಹೊತ್ತದ ದೀಪವನ್ನು ನಂಬಿಕೊಂಡು ಕೂತಿದ್ದೇನೆ?

ಹೀಗಾಗಿ ಮೀಟರು ತಂದೆ. ಒಂದು ನೀರಿನ ಬಿಸಿಗೆ, ಇನ್ನೊಂದು ಎಂಜಿನ್ ಆಯಿಲಿನ ಒತ್ತಡಕ್ಕೆ. ಎರಡೂ 52 ಮಿ.ಮೀ. ಅಗಲದವು. ಕಾರಿಗೆ ಹಾಕಿಸುವ ಮುಂಚೆ ಪರೀಕ್ಷೆ ಮಾಡೋಣವೆಂದು ಒಂದು ಹಳೆಯ ಹನ್ನೆರಡು ವೋಲ್ಟಿನ ಬ್ಯಾಟರಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಪಾತ್ರೆಯಲ್ಲಿ ನೀರು ಕುದಿಸಿ, ಸೆನ್ಸರಿನ ಮೂತಿ ಅದ್ದಿ, ಮುಳ್ಳು ಏರುವುದನ್ನು ನೋಡುತ್ತ ನಿಂತೆ. ಅದು 95 ದಾಟಿ ಸ್ವಲ್ಪ ಮುಂದೆ ನಿಂತಿತು. ನಮ್ಮ ಸೀಮೆ ಸಮುದ್ರಮಟ್ಟಕ್ಕಿಂತ ಆರೂವರೆ ನೂರು ಮೀಟರಿಗೂ ಮೇಲಿದೆ, ಇಲ್ಲಿ ನೀರು ನೂರಕ್ಕೆ ಕುದಿಯುವುದಿಲ್ಲ, ಸುಮಾರು 98ಕ್ಕೇ ಕುದಿಯುತ್ತದೆ. ಮೀಟರು ಒಂದೆರಡು ಡಿಗ್ರಿ ಹಿಂದಿದೆ, ಪರವಾಗಿಲ್ಲ ಅಂದುಕೊಂಡೆ.

ಅಮ್ಮ ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತಿದ್ದರು. "ಕುದಿಯೋ ನೀರು ಕುದೀತಿದೆ ಅಂತ ಅದು ಹೇಳಬೇಕಾ?"

"ಅದು ಹೇಳೋದು ಸರಿಯಾ ಅಂತ ನೀರು ಹೇಳ್ತಿದೆ, ಅಮ್ಮ" ಅಂದೆ. ಅಂದ ಮೇಲೆ ನನ್ನ ಮಾತನ್ನೇ ಯೋಚಿಸುತ್ತ ನಿಂತೆ.

ಸೆಲ್ಸಿಯಸ್ ತನ್ನ ಮಾನವನ್ನು ಮುಂದಿಟ್ಟದ್ದು 1742ರಲ್ಲಿ. ಅವನ ಮೊದಲ ಲೆಕ್ಕದಲ್ಲಿ ನೀರು ಕುದಿಯುವ ಬಿಂದು ಸೊನ್ನೆ, ಹೆಪ್ಪುಗಟ್ಟುವ ಬಿಂದು ನೂರು. ಆಮೇಲೆ ಅದನ್ನು ತಲೆಕೆಳಗು ಮಾಡಿದರು. ಅಂಕಿಗಳನ್ನು ಹೇಗೆ ಬೇಕಾದರೂ ಬರೆದುಕೊಳ್ಳಬಹುದು, ನೀರು ಕುದಿಯುವುದು ಮಾತ್ರ ನಮ್ಮ ಕೈಯಲ್ಲಿಲ್ಲ. ಮೀಟರಿನ ಅಧಿಕಾರವೆಲ್ಲ ಹಿಂದೆಂದೋ ಯಾರೋ ಕುದಿಯುವ ನೀರನ್ನು ಕಣ್ಣಾರೆ ಕಂಡು "ಇದು ಕುದಿ" ಎಂದು ಒಪ್ಪಿಕೊಂಡದ್ದರಿಂದ ಬಂದದ್ದು.

ಕನ್ನಡದಲ್ಲಿ "ಪ್ರಮಾಣ" ಎನ್ನುತ್ತೇವಲ್ಲ, ಅದು ಬಲು ದೊಡ್ಡ ಮಾತು. ಸಾರಿಗೆ ಉಪ್ಪು ಎಷ್ಟು ಎಂಬ ಅಳತೆಯೂ ಪ್ರಮಾಣ. ದೇವರ ಮುಂದೆ ಕೈಯಿಟ್ಟು ಆಡುವ ಮಾತೂ ಪ್ರಮಾಣ. ತರ್ಕದವರಿಗೆ ಸರಿಯಾದ ಅರಿವನ್ನು ತರುವ ಸಾಧನವೇ ಪ್ರಮಾಣ. ಅಳತೆ, ಆಣೆ, ಅರಿವು ಮೂರನ್ನೂ ಒಂದೇ ಪದದಲ್ಲಿ ಕಟ್ಟಿದವರು ಏನನ್ನೋ ಕಂಡಿದ್ದರು.

ನನ್ನ ಸೋದರಮಾವ ಮೈಸೂರಿನ ಮಹಾರಾಜ ಸಂಸ್ಕೃತ ಕಾಲೇಜಿನಲ್ಲಿ ತರ್ಕ ಓದಿದವರು. ರಜೆಯಲ್ಲಿ ಅವರ ಮನೆಗೆ ಹೋದರೆ ಜಗಲಿಯಲ್ಲಿ ಕೂರಿಸಿಕೊಂಡು ಹೇಳುತ್ತಿದ್ದರು. ದೂರದಲ್ಲಿ ನೀರು ಕಾಣುತ್ತದೆ. ಅದು ನಿಜವಾದ ನೀರೋ, ಬಿಸಿಲುಗುದುರೆಯೋ? ನ್ಯಾಯಶಾಸ್ತ್ರದವನು, ಎಂದರೆ ನೈಯಾಯಿಕ, ಹೇಳುತ್ತಾನೆ: ಹೋಗಿ ಕುಡಿ, ದಾಹ ತೀರಿದರೆ ನೀನು ಕಂಡದ್ದು ನಿಜ. ಒಂದು ಅರಿವು ಸರಿ ಎಂಬುದಕ್ಕೆ ಅದರಾಚೆಯ ಇನ್ನೊಂದು ಆಧಾರ ಬೇಕು. ಸರಿ, ದಾಹ ತೀರಿತು ಎಂಬ ಅರಿವು ಸರಿ ಅನ್ನುವುದಕ್ಕೆ? ಅದಕ್ಕೆ ಇನ್ನೊಂದು. ಅದಕ್ಕೆ ಮತ್ತೊಂದು. ಈ ಕೊನೆಯಿಲ್ಲದ ಸಾಲಿಗೆ ಅನವಸ್ಥೆ ಎಂದು ಹೆಸರು. ಮಾವ ಇಲ್ಲಿಗೆ ಬಂದಾಗ ಎಲೆಯಡಿಕೆಯ ತಟ್ಟೆ ಪಕ್ಕಕ್ಕಿಟ್ಟು, "ಈಗ ನಮ್ಮ ಬನ್ನೂರಿನವರು ಬರ್ತಾರೆ ನೋಡು" ಅನ್ನುತ್ತಿದ್ದರು.

ಬನ್ನೂರಿನವರೆಂದರೆ ವ್ಯಾಸರಾಯರು. ವಿಜಯನಗರದ ಆಸ್ಥಾನದಲ್ಲಿ ಗೌರವ ಪಡೆದ, ಪುರಂದರದಾಸರಿಗೆ ಗುರುವಾದ, 1539ರಲ್ಲಿ ದೇಹ ಬಿಟ್ಟ ಆ ಯತಿಗಳು ಹುಟ್ಟಿದ್ದು ನಮ್ಮ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರಿನಲ್ಲಿ. ಅವರ ಹೆಸರಿನ ಮಠ ಇವತ್ತಿಗೂ ಅದೇ ತಾಲ್ಲೂಕಿನ ಸೋಸಲೆಯಲ್ಲಿದೆ. ಅವರ "ತರ್ಕತಾಂಡವ" ಈ ಪ್ರಶ್ನೆಯನ್ನೇ ಹಿಡಿದು ಜಗ್ಗುತ್ತದೆ. ಅವರ ಮಧ್ವಮತದಲ್ಲಿ ಅರಿವೇ "ಕೇವಲಪ್ರಮಾಣ". ಪ್ರತ್ಯಕ್ಷ, ಅನುಮಾನ, ಆಗಮಗಳು ಆ ಅರಿವನ್ನು ತಂದುಕೊಡುವ ಅನುಪ್ರಮಾಣಗಳು. ಬಂದ ಅರಿವು ಸರಿಯೆಂದು ಕೊನೆಗೆ ಒಪ್ಪಿಕೊಳ್ಳುವುದು ಒಳಗಿರುವ ಸಾಕ್ಷಿ. ಸಂಶಯ ಬಂದರೆ ಪರೀಕ್ಷೆ ಮಾಡು, ಆದರೆ ಪರೀಕ್ಷೆಯ ಫಲವನ್ನು ಕಂಡು "ಸಾಕು, ಇದು ನಿಜ" ಅನ್ನುವವನು ಇನ್ನೊಂದು ಉಪಕರಣವಲ್ಲ. ಅಲ್ಲಿಗೆ ಅನವಸ್ಥೆ ನಿಲ್ಲುತ್ತದೆ. ಅದ್ವೈತಿಗಳೂ ಸಾಕ್ಷಿ ಎನ್ನುತ್ತಾರೆ, ಅವರ ಸಾಕ್ಷಿ ಸುಮ್ಮನೆ ಬೆಳಗುತ್ತಿರುತ್ತದೆ. ವ್ಯಾಸರಾಯರ ಸಾಕ್ಷಿ ತೀರ್ಪು ಕೊಡುತ್ತದೆ. ಹುಡುಗನಾಗಿದ್ದಾಗ ಇದು ಮಾತಿನ ಜಟ್ಟಿಕಾಳಗ ಅನ್ನಿಸಿತ್ತು. ಅರವತ್ತು ದಾಟಿದ ಮೇಲೆ, ಒಂದು ಸೀಳಿದ ಹೋಸು ಕಂಡ ಮೇಲೆ, ಇದು ಬದುಕಿನ ಪ್ರಶ್ನೆ ಅನ್ನಿಸುತ್ತಿದೆ.

ಎಲೆಕ್ಟ್ರಿಷಿಯನ್ ಹುಡುಗನ ಕೆಲಸ ನೋಡುವುದೇ ಒಂದು ಪಾಠವಾಗಿತ್ತು. ರೇಡಿಯೇಟರಿನ ಮೇಲಿನ ಹೋಸನ್ನು ಕತ್ತರಿಸಿ ನಡುವೆ ಲೋಹದ ಜೋಡಣೆ ಸೇರಿಸಿ ಅದಕ್ಕೆ ಸೆನ್ಸರ್ ತಿರುಗಿಸಿದ. ನೀರು ಒಸರದಿರಲೆಂದು ನಾನು ಬಿಳಿ ಟೆಫ್ಲಾನ್ ಟೇಪಿನ ಸುರುಳಿ ಕೊಟ್ಟೆ. ತೆಗೆದುಕೊಳ್ಳಲಿಲ್ಲ. "ಇದನ್ನ ಜಾಸ್ತಿ ಸುತ್ತಿದ್ರೆ ಅರ್ತ್ ಸಿಕ್ಕಲ್ಲ ಸಾರ್. ಮುಳ್ಳು ಸುಳ್ಳು ಹೇಳತ್ತೆ." ಇಂಥ ಒಂಟಿ ತಂತಿಯ ಸೆನ್ಸರಿಗೆ ತನ್ನ ತಿರುಪಿನ ಲೋಹವೇ ಕರೆಂಟಿನ ಮರಳುದಾರಿ. ಹೋಸು ರಬ್ಬರಿನದಾದ್ದರಿಂದ ಆ ಜೋಡಣೆಗೂ ಬೇರೆಯೇ ಒಂದು ಅರ್ತ್ ತಂತಿ ಬೇಕು. ಅವನು ಅದನ್ನು ಎಂಜಿನ್ನಿನ ಮೈಗೆ, ಬಣ್ಣ ಕೆರೆದು, ಬರಿಯ ಲೋಹಕ್ಕೆ ಬಿಗಿದ. ಬಿಸಿ ಏರಿದಂತೆ ಇಂಥ ಸೆನ್ಸರಿನ ಪ್ರತಿರೋಧ ಇಳಿಯುತ್ತದೆ. ಆದ್ದರಿಂದ ತಂತಿ ಕಡಿದರೆ ಮುಳ್ಳು "ತಣ್ಣಗಿದೆ" ಎಂದೇ ತೋರಿಸುತ್ತದೆ. ದೋಷವಿಲ್ಲದ ಇಂದ್ರಿಯ ದೋಷವಿಲ್ಲದ ವಸ್ತುವನ್ನು ಮುಟ್ಟಿದರೆ ಮಾತ್ರ ಪ್ರತ್ಯಕ್ಷ ಎಂದು ಮಾವ ಸಂಸ್ಕೃತದಲ್ಲಿ ಹೇಳಿದ್ದನ್ನು ಈ ಹುಡುಗ ಸ್ಪ್ಯಾನರ್ ಹಿಡಿದು ಮಾಡಿ ತೋರಿಸಿದ. ನಡುವೆ ಒಂದು ತೆಳು ಪೊರೆ ಸಾಕು. ಅದು ರಕ್ಷಣೆಗೆಂದೇ ಸುತ್ತಿದ ಪೊರೆಯಾಗಿದ್ದರೂ ಸರಿಯೇ.

ಮುಳ್ಳು ಒಂದು ಕಡೆ, ಬಿಸಿ ಇನ್ನೊಂದು ಕಡೆ ಎಂಬುದು ನಮ್ಮ ಕಳಲೆಯವರಿಗೆ ಹೊಸ ಮಾತಾಗಬಾರದು. 1734ರಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದಾಗ ನಡೆಸುವ ಕೈ ಕಳಲೆಯ ದಳವಾಯಿಗಳದು. ಜನಕ್ಕೆ ಕಾಣುತ್ತಿದ್ದ ಮುಳ್ಳು ಗದ್ದುಗೆಯ ಮೇಲೆ, ಬಿಸಿಯೆಲ್ಲ ಕಳಲೆಯ ಮನೆತನದಲ್ಲಿ. ಆಮೇಲೆ ಅದೇ ಮನೆತನದ ಕರಾಚೂರಿ ನಂಜರಾಜಯ್ಯನ ಕೈಕೆಳಗೇ ಮೇಲೆ ಬಂದ ಹೈದರನು 1761ರ ಹೊತ್ತಿಗೆ ಅಧಿಕಾರವನ್ನೆಲ್ಲ ತನ್ನದಾಗಿಸಿಕೊಂಡ. ಶಿವಭಕ್ತ, ಕನ್ನಡದಲ್ಲಿ ಗ್ರಂಥ ಬರೆದವನು, ನಂಜುಂಡನ ಗುಡಿಯನ್ನು ಬೆಳೆಸಿದವರಲ್ಲಿ ಒಬ್ಬನು ನಂಜರಾಜಯ್ಯ. ಗುಡಿಗೆ ಹೋದಾಗಲೆಲ್ಲ ನನಗೆ ಅವನ ನೆನಪಾಗುತ್ತದೆ. ಭಕ್ತಿ ಅವನಲ್ಲಿ ಕಡಿಮೆಯಿರಲಿಲ್ಲ. ತನ್ನ ಸೈನ್ಯದೊಳಗೇ ಏರುತ್ತಿದ್ದ ಬಿಸಿ ಅವನಿಗೆ ಹೊತ್ತಿಗೆ ಸರಿಯಾಗಿ ಕಾಣಲಿಲ್ಲ ಅನ್ನಿಸುತ್ತದೆ.

ಅಮ್ಮನ ಪ್ರಶ್ನೆಗೆ ನನಗೆ ಮೊದಲು ಹೊಳೆದ ಉತ್ತರ ಇದೇ: ನೋಡುವುದು ನಂಬಿಕೆಗೆಟ್ಟ ಕೆಲಸವಲ್ಲ. ದೇವರು ಕಾಯುತ್ತಾನೆಂದು ಕಣ್ಣು ಮುಚ್ಚಿಕೊಂಡರೆ, ಕಣ್ಣು ಕೊಟ್ಟವನು ಯಾರು? ಈ ಉತ್ತರ ಹೊಳೆದಾಗ ಸಮಾಧಾನವಾಯಿತು. ಆದರೆ ಮೀಟರು ಹಾಕಿಸಿದ ಮೇಲಿನ ತಿಂಗಳುಗಳಲ್ಲಿ ಅದು ಅರ್ಧ ಉತ್ತರ ಎಂದು ಗೊತ್ತಾಯಿತು.

ಏಕೆಂದರೆ ನಾನು ಮುಳ್ಳನ್ನು ಬಿಟ್ಟು ಬೇರೇನೂ ನೋಡದವನಾದೆ. 88ರಲ್ಲಿ ನಿಂತಿದ್ದರೆ ಹಾಯೆನಿಸುತ್ತಿತ್ತು. 95ಕ್ಕೆ ಏರಿ, ಫ್ಯಾನ್ ತಿರುಗಿ, ಮತ್ತೆ ಇಳಿಯುವವರೆಗೆ ಉಸಿರು ಬಿಗಿಹಿಡಿದಿರುತ್ತಿದ್ದೆ. ರೇಡಿಯೇಟರಿನ ಮುಚ್ಚಳ ಒತ್ತಡ ಹಿಡಿದಿಡುವುದರಿಂದ ಒಳಗಿನ ನೀರು ನೂರು ದಾಟಿದರೂ ಕುದಿಯುವುದಿಲ್ಲ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದವನಿಗೇ ಆ ಧೈರ್ಯ ಬರಲಿಲ್ಲ. ಗದ್ದೆ ಬಯಲಿನ ದಾರಿಯಲ್ಲಿ ಬಂದು ಮನೆ ಸೇರಿದರೆ ನಾಟಿಯಾಗಿದೆಯೋ ಇಲ್ಲವೋ ಹೇಳಲಾರದವನಾಗಿದ್ದೆ. "ದೇವರನ್ನ ಸರಿಸಿದ್ದು ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಅಂದ್ಕೊಂಡಿದ್ದೆ" ಅಂದರು ಅಮ್ಮ ಒಂದು ದಿನ, ಬೇಸರದಿಂದಲ್ಲ, ಕನಿಕರದಿಂದ. ಆ ಮಾತು ನಾಟಿತು. ಅಳತೆ ಭಯವನ್ನು ಕಳೆಯುವುದೆಂದು ತಂದೆ, ಅದು ಭಯಕ್ಕೆ ಒಂದು ಪೀಠ ಕೊಟ್ಟಿತ್ತು.

ಮಳೆಗಾಲದಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನವರು ಹೊಳೆದಂಡೆಗೆ ಬಂದು ಹದಿನಾರು ಕಾಲು ಮಂಟಪವನ್ನು ನೋಡುತ್ತಾರೆ. ಕಂಬ ಎಷ್ಟು ಮುಳುಗಿದೆ, ಚಾವಣಿ ಕಾಣುತ್ತಿದೆಯೋ ಇಲ್ಲವೋ, ಅದೇ ಅವರ ಲೆಕ್ಕ. ಹೋದ ಸಲ ಪ್ರವಾಹ ಬಂದಾಗ ನಾನೂ ಆ ಗುಂಪಿನಲ್ಲಿದ್ದೆ. ಒಬ್ಬಾಕೆ ನೀರಿಗೆ ಕೈಮುಗಿದರು, ಅರಿಶಿನ ಕುಂಕುಮ ಬಿಟ್ಟರು, ಕಂಬಗಳ ಕಡೆ ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿದರು, ಪಕ್ಕದಲ್ಲಿದ್ದ ಮಗನಿಗೆ "ದನ ಬಿಚ್ಚಿ ಮೇಲಕ್ಕೆ ಹೊಡಿ" ಅಂದರು, ನಡೆದೇಬಿಟ್ಟರು. ಮುಗಿದ ಕೈ, ಅಳೆದ ಕಣ್ಣು, ಬಿಚ್ಚಿದ ಹಗ್ಗ. ಅವುಗಳ ನಡುವೆ ಜಗಳವೇ ಇರಲಿಲ್ಲ. ಅಲ್ಲೇ ನಿಂತು ಕಂಬ ಎಣಿಸುತ್ತ ಕೂರಲೂ ಇಲ್ಲ. ನಾನು ತಿಂಗಳುಗಟ್ಟಲೆ ಬಿಡಿಸುತ್ತಿದ್ದ ಗಂಟು ಆಕೆಗೆ ಗಂಟೇ ಆಗಿರಲಿಲ್ಲ.

ಮೊನ್ನೆ ಸೋಮವಾರ ಅಮ್ಮನನ್ನು ಕೂರಿಸಿಕೊಂಡು ಗುಡಿಗೆ ಹೊರಟಿದ್ದೆ. ಊರು ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. 88ರಲ್ಲಿದ್ದ ಮುಳ್ಳು ಒಮ್ಮೆ ನಡುಗಿ ತಳಕ್ಕೆ ಬಿದ್ದುಬಿಟ್ಟಿತು. ಕಾರು ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿ ಬಾನೆಟ್ ಎತ್ತಿದೆ. ಆವಿ ಇಲ್ಲ, ವಾಸನೆ ಇಲ್ಲ, ನೆಲದ ಮೇಲೆ ಒದ್ದೆ ಇಲ್ಲ. ಪಕ್ಕದ ಡಬ್ಬಿಯಲ್ಲಿ ಹಸಿರು ಕೂಲೆಂಟ್ ಗೆರೆಗೆ ಸರಿಯಾಗಿತ್ತು. ಹೋಸನ್ನು ಮುಟ್ಟಿದೆ. ಬಿಸಿಯಾಗಿತ್ತು, ಬಿಗಿಯಾಗಿತ್ತು, ಎಷ್ಟು ಇರಬೇಕೋ ಅಷ್ಟು. ನೋಡಿದರೆ ಅರ್ತ್ ತಂತಿಯ ತುದಿ ಕಳಚಿ ಜೋತಾಡುತ್ತಿತ್ತು. ಬಿಗಿಯಲು ನನ್ನ ಹತ್ತಿರ ಸ್ಪ್ಯಾನರ್ ಇರಲಿಲ್ಲ.

ಅಂಗೈಯನ್ನು ಇನ್ನೂ ಒಂದು ಗಳಿಗೆ ಹೋಸಿನ ಮೇಲೇ ಇಟ್ಟುಕೊಂಡಿದ್ದೆ. ಕೈ ಹೇಳುತ್ತಿರುವುದು ನಿಜವೇ ಎಂದು ಕೇಳಬೇಕೆನ್ನಿಸಲಿಲ್ಲ.

"ಏನಾಯ್ತೋ?" ಅಮ್ಮ ಕಿಟಕಿಯಿಂದ ಕೂಗಿದರು.

"ಏನಿಲ್ಲಮ್ಮ. ಮೀಟರು ಮಲಗಿದೆ, ಗಾಡಿ ಸರಿಯಾಗಿದೆ."

"ಸರಿಯಾಗಿ ನೋಡಿದ್ಯಾ?"

"ನೋಡಿದೆ."

"ಹಾಗಾದ್ರೆ ಹೊರಡು. ಮಹಾಮಂಗಳಾರತಿ ಹೊತ್ತಾಯ್ತು."

ಮುಳ್ಳು ತಳದಲ್ಲೇ ಇತ್ತು. ಪಕ್ಕದಲ್ಲಿ, ನಾಲ್ಕು ಬೆರಳು ಆಚೆ ಸರಿದು ಕೂತ ನಂಜುಂಡನಿಗೆ ಅಮ್ಮ ಬೆಳಿಗ್ಗೆ ಇಟ್ಟ ಕಣಗಿಲೆ ಹೂವು ಗಾಳಿಗೆ ಅಲುಗುತ್ತಿತ್ತು. ಎರಡೂ ಬದಿಯಲ್ಲಿ ಗದ್ದೆ. ನಾಟಿ ಮುಗಿದು ಪೈರು ಬೇರು ಹಿಡಿದಿತ್ತು.