ಕುಂಟೆತ್ತು ಕಲಿಸಿದ ಪಾಠ

ಕಾರಹುಣ್ಣಿಮೆ ಮುಗಿದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ನಮ್ಮ ರಾಯಚೂರು ಸೀಮೆಯ ಮನೆಗಳ ಪಡಸಾಲೆಯೇ ಕಮ್ಮಟ. ಎರೆಮಣ್ಣಿನ ಹರಳು ಆರಿಸಿ, ನೀರು ಚಿಮುಕಿಸಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಬೇಕು. ಮೊದಲು ಹೊಟ್ಟೆ, ಆಮೇಲೆ ಕಾಲು, ಬೆನ್ನ ಮೇಲೆ ಇಣಿ, ಕೊನೆಗೆ ಕೊಂಬು. ಕಣ್ಣಿಗೆ ಜೋಳದ ಕಾಳು. ಮುಂದೊಂದು ಮೇವಿನ ಪುಟ್ಟ ಗ್ವಾದಲಿ.

ನಾನು ಮಾಡಿದ ಎತ್ತಿನ ಕೊಂಬು ಮುರಿದು ಅತ್ತಾಗ ಅಜ್ಜಿ ನಕ್ಕಿದ್ದಳು: “ಒಡದ್ರ ಒಡೀಲಿ ಬಿಡಪ. ಇದು ಒಡೀದಿದ್ರ ಮುಂದಿನ ವರ್ಷ ಏನ್ ಮಾಡ್ತಿ?”

ಮರುದಿನ ನಾವು ಹುಡುಗರು ಒಂದು ಎತ್ತಿನ ಕಾಲು ಮುರಿದು, ಅದನ್ನು ಕುಂಟೆತ್ತು ಮಾಡಿ, ಹಾಡುತ್ತ ಮನೆಮನೆಗೆ ಹೋಗಿ ಕಾಳು ಬೇಡುತ್ತಿದ್ದೆವು. ಸಂಜೆಗೆ ಎತ್ತು ನೀರುಪಾಲು. ಕೈಗೆ ಅಂಟಿದ ಮಣ್ಣು ಮಾತ್ರ ಎರಡು ದಿನ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಅಜ್ಜಿಯ ಮಾತು ಉಳಿದದ್ದು ಅದಕ್ಕಿಂತ ಹೆಚ್ಚು ಕಾಲ.

ಒಡೆಯದೆ ಉಳಿದದ್ದೂ ನಮ್ಮ ಸೀಮೆಯಲ್ಲಿದೆ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಮೀರಿದ ಉದ್ದದ ಒಂದು ಕಲ್ಲಿದೆ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅದರ ಮೇಲಿದೆ. ಪಕ್ಕದಲ್ಲೇ ಆ ಕಲ್ಲನ್ನು ಬಂಡಿಯಲ್ಲಿ ಸಾಗಿಸುವ ಚಿತ್ರವನ್ನೂ ಕೊರೆದಿದ್ದಾರೆ: ಎಳೆಯುವ ಕೋಣಗಳ ಸಾಲು, ದೂಡುವ ಜನ. ಕಲ್ಲು ಏಳು ಶತಮಾನ ದಾಟಿದೆ. ಅದನ್ನು ಅಲ್ಲಿಗೆ ತಂದ ತೋಳುಗಳ ಜಾಣ್ಮೆ ಮಾತ್ರ ಚಿತ್ರದಲ್ಲೇ ನಿಂತುಬಿಟ್ಟಿದೆ. ಗಟ್ಟಿಯಾದದ್ದನ್ನು ಮತ್ತೆ ಮಾಡಬೇಕಾಗಿಲ್ಲ. ಹಾಗಾಗಿ ಮಾಡುವುದು ಹೇಗೆಂಬುದು ಮೊದಲು ಮರೆತುಹೋಗುತ್ತದೆ.

ಇದೇ ಸೀಮೆಯ ಮಾನ್ವಿಯಲ್ಲಿ ಹರಿದಾಸ ಜಗನ್ನಾಥದಾಸರ ಮನೆ ಈಗ ಮಂದಿರ. ದಾಸರು ಇಂದಿಗೂ ಇದ್ದಾರೆಂದು ಭಕ್ತರು ನಂಬುವ ಕಂಬಕ್ಕೆ ಅಲ್ಲಿ ಪೂಜೆ ನಡೆಯುತ್ತದೆ. ಕಂಬದ ಮುಂದೆ ನಿಂತಾಗಲೆಲ್ಲ ನನಗೆ ನೆನಪಾಗುವುದು ಗೆಜ್ಜೆ. ದಾಸರು ಗೆಜ್ಜೆ ಕಟ್ಟಿ, ತಂಬೂರಿ ಮೀಟಿ ಕುಣಿದವರು. ಆ ಹೆಜ್ಜೆಯನ್ನು ಯಾವ ಕಂಬ ಹಿಡಿದಿಟ್ಟೀತು? ಅದನ್ನು ಹಿಡಿದಿರುವುದು ಇಂದು ಭಜನೆಯಲ್ಲಿ ತಾಳಕ್ಕೆ ಕಾಲು ಹಾಕುವ ಹೆಣ್ಣುಮಕ್ಕಳು, ಅವರ ಸೆರಗು ಹಿಡಿದು ತಪ್ಪುತಪ್ಪಾಗಿ ಕುಣಿಯುವ ಕೂಸುಗಳು.

ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷವನ್ನು ಜಗನ್ನಾಥದಾಸರಿಗೆ ಧಾರೆ ಎರೆದರೆಂಬ ಐತಿಹ್ಯ ಈ ಕಡೆ ಮನೆಮಾತು. ಹಾಗೆ ಬಂದ ವರ್ಷಗಳೂ 1809ರಲ್ಲಿ ಮುಗಿದವು. ಕೊಟ್ಟವರೂ ಇಲ್ಲ, ಪಡೆದವರೂ ಇಲ್ಲ. ಆದರೆ ಆ ಆಯುಷ್ಯದಲ್ಲಿ ಹುಟ್ಟಿದ ‘ಹರಿಕಥಾಮೃತಸಾರ’ವನ್ನು ಇಂದಿಗೂ ಬೆಳಗಿನ ಹೊತ್ತು ಯಾರೋ ಹೇಳಿಕೊಳ್ಳುತ್ತಾರೆ. ಆಯುಷ್ಯವನ್ನು ಕೂಡಿಡಲು ಬರುವುದಿಲ್ಲ, ಕೈ ದಾಟಿಸಲು ಬರುತ್ತದೆ.

ಹೆಜ್ಜೆಯೂ ಹೀಗೆಯೇ ದಾಟುತ್ತದೆ. ಮೊಹರಂ ಬಂದರೆ ಊರ ನಡುವೆ ಅಲಾಯಿ ಕುಣಿ, ಅಂದರೆ ಬೆಂಕಿಯ ಗುಂಡಿ, ತೋಡುತ್ತಾರೆ. ಜಾತಿ ಧರ್ಮ ಕೇಳದೆ ಅಪ್ಪ, ಮಗ, ಮೊಮ್ಮಗ ಹಲಗೆಯ ಪೆಟ್ಟಿಗೆ ಸುತ್ತು ಹಾಕುತ್ತಾರೆ. ಹಬ್ಬ ಮುಗಿದ ಮೇಲೆ ಕುಣಿ ಮುಚ್ಚುತ್ತಾರೆ. ಮರುವರ್ಷ ಗುದ್ದಲಿ ಬಿದ್ದಾಗ ಕಾಲು ತಾನೇ ಹೆಜ್ಜೆ ಹುಡುಕಿಕೊಳ್ಳುತ್ತದೆ. ಜಪಾನಿನ ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಿ ಹಳೆಯದನ್ನು ಕಳಚುತ್ತಾರೆ; 2013ರಲ್ಲೂ ಕಟ್ಟಿದರು. ಅಲ್ಲಿ ಬಡಗಿಯ ವಿದ್ಯೆ ಉಳಿದದ್ದು ಹಾಗೆ. ಅಲಾಯಿ ಕುಣಿಯದೂ ಅದೇ ಲೆಕ್ಕ.

ಅನಿತ್ಯವೆಂದರೆ ನಷ್ಟವೊಂದೇ ಅಲ್ಲ, ಮತ್ತೆ ಮಾಡೆಂಬ ಕರೆಯೂ ಹೌದು. ಆ ಕರೆಗೆ ಒಂದು ತಲೆಮಾರು ಓಗೊಡದಿದ್ದರೆ ಸಾಕು, ಎಲ್ಲ ಮುಗಿಯಿತು. ಹಳೆಯ ಮನೆಗಳನ್ನು ಕಾಪಾಡುವವರು ಕಂಬಕ್ಕೆ ಎಣ್ಣೆ ಹಚ್ಚಿದರೆ ಸಾಲದು. ಅಂಗಳದಲ್ಲಿ ಅಜ್ಜಿ ಮೊಮ್ಮಕ್ಕಳನ್ನು ಕೂರಿಸಿ ಮಣ್ಣು ಕಲಸಬೇಕು, ಕಾಲಿಗೆ ಗೆಜ್ಜೆ ಕಟ್ಟಬೇಕು.

ಈಗ ಪೇಟೆಯಲ್ಲಿ ಬಣ್ಣ ಬಳಿದ ಎತ್ತಿನ ಜೋಡಿಗಳು ಸಿದ್ಧವಾಗಿ ಸಿಗುತ್ತವೆ. ಪೂಜೆಗೆ ಅವೂ ಆದಾವು. ಆದರೆ ಈ ಅಮಾವಾಸ್ಯೆಗೆ ಒಂದು ಹಿಡಿ ಎರೆಮಣ್ಣನ್ನೂ ತನ್ನಿ. ಮಕ್ಕಳು ಮಾಡಿದ ಎತ್ತು ಸೊಟ್ಟಗಿರಲಿ, ಕೊಂಬು ಮುರಿಯಲಿ. ಮುಂದಿನ ವರ್ಷ ಮತ್ತೆ ಮಾಡಬೇಕಲ್ಲ.