ಬಾವಿ ಸಿಕ್ಕಿದ ಮೇಲೆ

ಕೊಡಿಯಾಲ್‌ಬೈಲ್, ಬಿಷಪ್ ಹೌಸಿಗೆ ಹತ್ತಿರದ ಒಂದು ಹಂಚಿನ ಮನೆ. ಆಟಿಯ ಮಳೆ. ತತ್ತ್ವಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಅವರ ಹೆಂಡತಿ, ಹಳೆಯ ಶಿಷ್ಯನೊಬ್ಬ.

ಮೇಷ್ಟ್ರು: ನಿನ್ನನ್ನು ಕದ್ರಿ ದೇವಸ್ಥಾನದಲ್ಲಿ ನೋಡಿದವರಿದ್ದಾರೆ ಮಾರಾಯ. ಕ್ಲಾಸಿನಲ್ಲಿ ದೇವರಿಲ್ಲ ಅಂತ ಬೆಲ್ ಆದ್ಮೇಲೂ ಬಿಡದೆ ವಾದ ಮಾಡ್ತಿದ್ದವ ನೀನು.

ಶಿಷ್ಯ: ಹೌದು ಸರ್. ಚಾರ್ಮಾಡಿ ಕಡೆ ಹೋಗಿ ಬಂದ ಮೇಲೆ ಹೀಗಾದದ್ದು.

ಮೇಷ್ಟ್ರು: 2019ರ ನೆರೆಗಾ?

ಶಿಷ್ಯ: ಹೌದು. ಆಗಸ್ಟ್ 9ಕ್ಕೆ ಘಾಟಿಯ ಗುಡ್ಡ ಜಾರಿ ಮೃತ್ಯುಂಜಯ ಹೊಳೆ ಉಕ್ಕಿತಲ್ಲ, ನಾವು ಹೋಗುವಾಗ ನೀರು ಇಳಿದಿತ್ತು. ಕೊಳಂಬೆಯಲ್ಲಿ ಅಡಿಕೆ ತೋಟ ಇದ್ದಲ್ಲೆಲ್ಲ ಮರಳು, ಮರಳಿನ ಮೇಲೆ ಬೇರು ಸಮೇತ ಬಂದ ದಿಮ್ಮಿಗಳು. ಒಂದು ಮನೆಯವರಿಗೆ ಬಾವಿ ಎಲ್ಲಿ ಅಂತಲೇ ಗೊತ್ತಾಗ್ತಿರ್ಲಿಲ್ಲ. ಯಜಮಾನರು ಎಪ್ಪತ್ತು ದಾಟಿದವರು. ಅಡಿಗೆಕೋಣೆಯ ಮೆಟ್ಟಿಲು ಇದ್ದ ಅಂದಾಜಿನಿಂದ ಹೆಜ್ಜೆ ಅಳೆದು ‘ಇಲ್ಲಿ’ ಅಂದ್ರು. ಹಾರೆ, ಪಿಕ್ಕಾಸು, ಬುಟ್ಟಿ ಹಿಡಿದು ಎದೆಮಟ್ಟ ತೋಡಿದೆವು. ಬರೀ ಮರಳು. ಅವರಿಗೆ ನಾಚಿಕೆಯಾಯ್ತು. ಮತ್ತೆ ಹೆಜ್ಜೆ ಹಾಕಿ ಎರಡು ಮಾರು ಆಚೆ ತೋರಿಸಿದ್ರು. ಯಾರೂ ಗೊಣಗಲಿಲ್ಲ ಸರ್. ಸಂಜೆ ಹೊತ್ತಿಗೆ ಹಾರೆ ಬಾವಿಕಟ್ಟೆಗೆ ತಾಗಿತು. ಟಣ್ ಅನ್ನಲಿಲ್ಲ. ಮುರಕಲ್ಲು ಹಾಗೆಲ್ಲ ಸದ್ದು ಮಾಡುವುದಿಲ್ಲ, ಒಂದು ಮೊಂಡು ಶಬ್ದ ಅಷ್ಟೆ. ಆದ್ರೆ ಎಲ್ಲರಿಗೂ ಕೇಳಿಸ್ತು.

ಮೇಷ್ಟ್ರು: ಒಳ್ಳೆಯದಾಯ್ತು. ಇದರಲ್ಲಿ ದೇವರು ಎಲ್ಲಿ ಬಂದ? ಬಾವಿ ಇದ್ದದ್ದು ಆ ಮನುಷ್ಯನ ನೆನಪಿನಲ್ಲಿ, ಅಗೆದದ್ದು ನೀವು. ಜನರ ಮೇಲೆ ನಂಬಿಕೆ ಬಂತು ಅನ್ನು, ಒಪ್ತೇನೆ. ಅದಕ್ಕೆ ಕದ್ರಿ ಯಾಕೆ?

ಶಿಷ್ಯ: ಅಗೆಯುವಾಗ ಒಂದು ಸ್ಥಿತಿ ಇತ್ತು ಸರ್. ಸಿಗ್ತದಾ ಇಲ್ವಾ, ನನಗೆಂತ ಲಾಭ, ಫೋಟೋ ತೆಗೆದ್ರಾ, ಇದ್ಯಾವುದೂ ತಲೆಯಲ್ಲಿ ಇರ್ಲಿಲ್ಲ. ಮಂಗಳೂರಿಗೆ ಬಂದು ಸ್ವಲ್ಪ ದಿನಕ್ಕೇ ಅದು ಹೋಯ್ತು. ಪಿವಿಎಸ್ ಸರ್ಕಲಿನಲ್ಲಿ ಹಾರ್ನ್ ಹಾಕಿದವನಿಗೆ ಬೈಯುವ ಅದೇ ಹಳೇ ಮನುಷ್ಯ ನಾನು. ಅದು ನನ್ನ ಸ್ವಂತದ್ದಾಗಿದ್ರೆ ನನ್ನ ಹತ್ತಿರವೇ ಇರಬೇಕಿತ್ತಲ್ಲ? ನನ್ನದಲ್ಲ ಅಂದ್ಮೇಲೆ ಯಾರದ್ದು?

ಮೇಷ್ಟ್ರು: ಇದು ತರ್ಕ ಅಲ್ಲ, ಜಾರುವುದು. ಜ್ವರವೂ ಬಂದು ಹೋಗ್ತದೆ. ಜ್ವರವನ್ನು ದೇವರು ಅಂತೀಯಾ?

ಅಮ್ಮ: ಹಿಂದೆ ಅಂತಿದ್ರು ಮಾರಾಯ್ರೆ. ಮಾರಿ ಬಂತು ಅಂತ. 1923ರ ನೆರೆಗೂ ಮಾರಿ ಬೊಳ್ಳ ಅಂತಲೇ ಹೆಸರು. ನೇತ್ರಾವತಿ ಪಾಣೆಮಂಗಳೂರು, ಬಂಟ್ವಾಳ ಎಲ್ಲ ಮುಳುಗಿಸಿದ್ದನ್ನು ನಮ್ಮ ಅಜ್ಜಿ ಹೇಳ್ತಿದ್ರು. 1974ರದ್ದು ನಾನೇ ಕಂಡದ್ದು. ದೋಣಿಯವರು ಅಟ್ಟದಿಂದ ನಮ್ಮನ್ನು ಇಳಿಸಿದ್ರು. ಅವರು ದೇವರ ಹೆಸರು ಹೇಳಿದ್ರೋ ಇಲ್ವೋ ಗೊತ್ತಿಲ್ಲ, ‘ಮಕ್ಕಳನ್ನು ಮೊದಲು ಕೊಡಿ’ ಅಂದದ್ದು ಮಾತ್ರ ಕಿವಿಯಲ್ಲಿ ಉಂಟು.

ಮೇಷ್ಟ್ರು: ನನ್ನ ಭಯ ಬೇರೆ. ವಿಪತ್ತಿಗೆ ಅರ್ಥ ಹಚ್ಚಲು ಹೊರಟರೆ ಎಂಥವರೂ ಎಡವುತ್ತಾರೆ. 1934ರ ಜನವರಿ 15ಕ್ಕೆ ಬಿಹಾರದಲ್ಲಿ ಭೂಕಂಪ ಆಯ್ತಲ್ಲ, ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅದು ಅಂದರು ಗಾಂಧಿ. ಟಾಗೋರರು ಸುಮ್ಮನಿರಲಿಲ್ಲ. ಪ್ರಕೃತಿಯ ಘಟನೆಗೆ ನೀತಿಯ ಕಾರಣ ಕೊಟ್ಟರೆ ಜನರ ಅವಿವೇಕಕ್ಕೇ ಬಲ ಬರುತ್ತದೆ ಎಂಬುದು ಅವರ ಆಕ್ಷೇಪ. ಗಾಂಧಿ ಅದನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ ಉತ್ತರವನ್ನೂ ಬರೆದರು. ಅದೇ ವರ್ಷ ಫೆಬ್ರವರಿಯ ಕೊನೆಗೆ ಹರಿಜನ ಪ್ರವಾಸದಲ್ಲಿ ಮಂಗಳೂರಿಗೂ ಬಂದರು. ಈ ಒಂದು ವಾದದಲ್ಲಿ ನಾನು ಟಾಗೋರರ ಪಕ್ಷ.

ಶಿಷ್ಯ: ನಾನೂ ಸರ್. ಚಾರ್ಮಾಡಿಯಲ್ಲೂ ದೈವ ಮುನಿದದ್ದು ಅಂದವರಿದ್ರು, ಗುಡ್ಡ ಕಡಿದದ್ದೇ ಕಾರಣ ಅಂದವರೂ ಇದ್ರು. ಹಾರೆ ಹಿಡಿದವರ ಸಾಲಿನಲ್ಲಿ ಇಬ್ಬರೂ ಇದ್ರು. ನೆರೆ ಯಾಕೆ ಬಂತು ಎಂಬುದಕ್ಕೆ ನನ್ನ ನಂಬಿಕೆ ಉತ್ತರ ಕೊಡುವುದಿಲ್ಲ. ಕೊಟ್ಟರೆ ನನಗೂ ಹೆದರಿಕೆಯೇ.

ಅಮ್ಮ: ಬಿಹಾರದಲ್ಲಿ ಕೆಲಸ ಮಾಡಿದವರು ಯಾರು ಹಾಗಾದ್ರೆ?

ಮೇಷ್ಟ್ರು: ಪರಿಹಾರ ಸಮಿತಿಗೆ ರಾಜೇಂದ್ರ ಪ್ರಸಾದರು. ಹಣದ ಲೆಕ್ಕ ನೋಡಿದ್ದು ಜೆ.ಸಿ. ಕುಮಾರಪ್ಪ, ಪೈಸೆ ಬಿಡದ ಮನುಷ್ಯ. ವಾದ ಮಾಡಿದವರನ್ನು ನಾವು ನೆನಪಿಡ್ತೇವೆ, ಲೆಕ್ಕ ಬರೆದವರನ್ನು ಮರೀತೇವೆ. ಅದಿರಲಿ. ಆ ಬಾವಿ ಯಜಮಾನರಿಗೆ ನಿನ್ನ ಈ ಕಥೆ ಹೇಳಿದ್ದೀಯಾ?

ಶಿಷ್ಯ: ಇಲ್ಲ.

ಮೇಷ್ಟ್ರು: ಯಾಕೆ?

ಶಿಷ್ಯ: ಅವರು ದೈವಕ್ಕೆ ತಂಬಿಲ ಕೊಡುವುದನ್ನೇ ನಿಲ್ಲಿಸಿದ್ದಾರೆ. ‘ಇಷ್ಟು ವರ್ಷ ಕೊಟ್ಟದ್ದು ಸಾಕು’ ಅಂತಾರೆ.

ಮೇಷ್ಟ್ರು: ನೋಡು! ಅವರ ತೋಟ ಹೋಗಿ, ದೈವವೂ ಹೋಗಿ, ನಿನಗೆ ದೇವರು ಸಿಕ್ಕಿದ. ಒಬ್ಬನ ನಷ್ಟ ಇನ್ನೊಬ್ಬನ ಆಧ್ಯಾತ್ಮಿಕ ಲಾಭ ಆಗುವುದು ನನಗೆ ಸರಿ ಕಾಣುವುದಿಲ್ಲ. ಸೇವೆಗೆ ಹೋದವ ಬುಟ್ಟಿ ತುಂಬಿಸಿಕೊಂಡು ಬಂದ ಹಾಗಾಯ್ತು.

ಶಿಷ್ಯ: ಅದಕ್ಕೇ ಅಲ್ಲಿ ಬಾಯಿ ಬಿಡುವುದಿಲ್ಲ ಸರ್. ಈಗಲೂ ಹೋಗ್ತೇನೆ, ಮರಳು ಹೊರ್ತೇನೆ, ಗಂಜಿ ಕುಡೀತೇನೆ. ಭಜನೆ, ಬುದ್ಧಿವಾದ ಏನೂ ಇಲ್ಲ.

ಅಮ್ಮ: ಹೇಳ್ಲಿಕ್ಕೆ ಆಗದ್ದು ಎಂತ ನಂಬಿಕೆ?

ಶಿಷ್ಯ: ಅವರೆದುರು ಹೇಳಿದ್ರೆ ಅದು ನಂಬಿಕೆ ಆಗುವುದಿಲ್ಲ ಅಮ್ಮ, ಜಂಬ ಆಗ್ತದೆ. ಆದ್ರೆ ಒಂದು ವಿಷಯ. ಮರಳು ತೆಗೆದ ಜಾಗದಲ್ಲಿ ಅವರು ಅಡಿಕೆ ಸಸಿ ನೆಟ್ಟಿದ್ದಾರೆ. ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಆ ಪ್ರಾಯದಲ್ಲಿ!

ಮೇಷ್ಟ್ರು: ಅದನ್ನೂ ನಿನ್ನ ಖಾತೆಗೆ ಜಮಾ ಮಾಡ್ಬೇಡ. ಕೃಷಿಕ, ಜಾಗ ಉಂಟು, ನೆಟ್ಟರು.

ಶಿಷ್ಯ: ಮೊಮ್ಮಕ್ಕಳು ಬೆಂಗಳೂರು ಬಿಟ್ಟು ಬರುವುದಿಲ್ಲ ಅಂದಿದ್ದಾರಂತೆ. ಮತ್ತೆ ಯಾರಿಗೆ ಅಂತ ಕೇಳಿದೆ. ‘ಹಾಗಂತ ಪಾಳು ಬಿಡ್ಲಿಕ್ಕೆ ಆಗ್ತದಾ?’ ಅಂದ್ರು.

ಮೇಷ್ಟ್ರು: ಸೊಗಸಾದ ಉತ್ತರ. ಅದರಲ್ಲಿ ದೇವರಿಲ್ಲ.

ಶಿಷ್ಯ: ದೇವರ ಹೆಸರಿಲ್ಲ ಸರ್.

ಮೇಷ್ಟ್ರು: ಮತ್ತೆ ಜಾರಿದೆ ನೋಡು.