ಸೀಲಿನ ಒಳಗೇನಿದೆ?

ಕಾರ್ಕಳದ ಜೋಡುರಸ್ತೆಯಿಂದ ತೆಂಕಲಿಗೆ ಹೊರಟ ಲಾರಿಗೆ ಸಿಗುವ ಗಡಿ ಎಂದರೆ ತಲಪಾಡಿ, ಅದೂ ರಾಜ್ಯದ ಗಡಿ. ಕುಕ್ಕುಂದೂರು, ಕಾರ್ಕಳ ಕಡೆಯ ಸರಕು ವಿದೇಶಕ್ಕೇ ಹೋಗುವುದಾದರೂ ಪಣಂಬೂರಿನ ಬಂದರಿನಲ್ಲಿ ಡ್ರೈವರನ ದಾರಿ ಮುಗಿಯಿತು, ಮುಂದಿನದು ಹಡಗಿನ ಪಾಲು. ಸ್ಟಿಯರಿಂಗ್ ಹಿಡಿದುಕೊಂಡೇ ದೇಶದ ಗಡಿ ದಾಟಿದವರು ನಮ್ಮ ಕಡೆ ಇದ್ದರೆ ಅವರು ಗಲ್ಫಿಗೆ ಹೋಗಿ ಟ್ರೈಲರ್ ಹತ್ತಿದವರು. ಈಗ ಹೊರಡಲು ತಯಾರಾಗಿರುವ ಹುಡುಗರೂ ಹೆಚ್ಚಾಗಿ ಅಲ್ಲಿಗೇ.

ಊರಿನ ಅನುಭವ ಅಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಎಡಬದಿಯ ಸೀಟಿನಲ್ಲಿ ಕೂತು ರಸ್ತೆಯ ಬಲಕ್ಕೆ ಓಡಿಸುವುದು ಸ್ವಲ್ಪ ದಿನದಲ್ಲಿ ಕೈಗೆ ಹತ್ತುತ್ತದೆ. ಹತ್ತದೆ ಉಳಿಯುವುದು ಕಾಗದದ ಅಭ್ಯಾಸ. ನಮ್ಮಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸಿನವರು ಬಿಲ್ಲುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟರೆ ಡ್ರೈವರ್ ಅದನ್ನು ಬಿಚ್ಚಿ ನೋಡುವುದು ಅಪರೂಪ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ತೆರಿಗೆಯ ಗೇಟುಗಳು ಎದ್ದು ಹೋದ ಮೇಲಂತೂ ಆ ಕವರಿನ ನೆನಪೇ ಇಲ್ಲ.

ಸೌದಿಯ ಬತ್‌ಹಾದಿಂದ ಎಮಿರೇಟ್ಸಿನ ಗುವೈಫಾತಿಗೆ ದಾಟುವವನಿಗೆ ಆ ಕವರೇ ಜೀವ. ಪಾಸ್‌ಪೋರ್ಟ್, ಇಖಾಮಾ ಎಂಬ ವಾಸದ ಪರವಾನಗಿ, ಇಸ್ತಿಮಾರಾ ಎಂಬ ಗಾಡಿಯ ನೋಂದಣಿ ಪತ್ರ, ಗಾಡಿಯನ್ನು ಹೊರದೇಶಕ್ಕೆ ಒಯ್ಯಲು ಮಾಲೀಕ ಕೊಟ್ಟ ಒಪ್ಪಿಗೆ, ಆ ದೇಶದ ವಿಮೆ, ಇವು ಅವನವು. ಬಯಾನ್ ಎಂಬ ಕಸ್ಟಮ್ಸ್ ಘೋಷಣೆ, ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಸರಕಿನವು. ಲಿಸ್ಟಿನಲ್ಲಿ ನಾನೂರು ಪೆಟ್ಟಿಗೆ ಎಂದಿದ್ದು ಗಾಡಿಯಲ್ಲಿ ನಾನೂರ ಎರಡು ಇದ್ದರೆ ಲೆಕ್ಕ ತಪ್ಪಿದವನು ಗೋಡೌನಿನಲ್ಲಿ ಕೂತ ಗುಮಾಸ್ತ. ಆದರೆ ಕಸ್ಟಮ್ಸ್‌ನ ಕಿಟಕಿಯ ಎದುರು ನಿಂತಿರುವವನು ಡ್ರೈವರ್ ಒಬ್ಬನೇ. ಕಳುಹಿಸಿದವನು, ತರಿಸಿಕೊಳ್ಳುವವನು, ಕೆಲಸ ಕೊಟ್ಟ ಮಾಲೀಕ ಎಲ್ಲರೂ ಫೋನಿನ ಆಚೆ.

ಇದು ಬರೀ ಎರಡು ಪೆಟ್ಟಿಗೆಯ ಮಾತಲ್ಲ. 2021ರ ಏಪ್ರಿಲಿನಲ್ಲಿ ಲೆಬನಾನಿನಿಂದ ಬಂದ ದಾಳಿಂಬೆ ಹಣ್ಣಿನೊಳಗೆ ಲಕ್ಷಗಟ್ಟಲೆ ಕ್ಯಾಪ್ಟಗಾನ್ ಎಂಬ ಅಮಲು ಮಾತ್ರೆ ಸಿಕ್ಕಿ, ಸೌದಿ ಆ ದೇಶದ ಹಣ್ಣು ತರಕಾರಿಯನ್ನೇ ನಿಷೇಧಿಸಿತು. ದಾಳಿಂಬೆಯನ್ನು ಕೊಯ್ದು ನೋಡಿ ಲೋಡ್ ಮಾಡಿಸಲು ಯಾವ ಡ್ರೈವರಿಗೂ ಸಾಧ್ಯವಿಲ್ಲ. ಅವನ ಕೈಯಲ್ಲಿರುವುದು ಇಷ್ಟೇ: ಲೋಡ್ ಆಗುವಾಗ ಹತ್ತಿರ ನಿಲ್ಲುವುದು, ಸೀಲಿನ ನಂಬರನ್ನು ಕಾಗದದ ನಂಬರಿಗೆ ತಾಳೆ ನೋಡುವುದು, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡುವುದು, ದಾರಿಯಲ್ಲಿ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಹೊರಡುವ ಮೊದಲು ಸೀಲನ್ನು ಮತ್ತೊಮ್ಮೆ ನೋಡುವುದು. ಮುಂದೆ ವಿಚಾರಣೆ ಬಂದರೆ ಆ ಫೋಟೋ ಅವನ ಪರವಾಗಿ ಮಾತಾಡೀತು.

ಇನ್ನು ಡ್ರೈವರನ ಸ್ವಂತ ಸಾಮಾನು. ಟ್ರೈಲರಿನ ಬದಿಯ ಪೆಟ್ಟಿಗೆಯಲ್ಲಿ ಸ್ಟವ್, ಅಕ್ಕಿ, ಮಸಾಲೆ ಇಟ್ಟುಕೊಂಡು ದಾರಿಯಲ್ಲೇ ಅಡುಗೆ ಮಾಡಿಕೊಳ್ಳುವುದು ಅಲ್ಲಿನ ಡ್ರೈವರುಗಳ ಕ್ರಮ. ಊರಿನಿಂದ ಕಟ್ಟಿಕೊಟ್ಟ ಮಸಾಲೆಯಲ್ಲಿ ಗಸಗಸೆ ಇದ್ದರೆ ಕೆಟ್ಟಿತು. ನಮಗೆ ಪಾಯಸದ ಸಾಮಾನು. ಸೌದಿ, ಎಮಿರೇಟ್ಸಿನಲ್ಲಿ ಅದಕ್ಕೆ ನಿಷೇಧವಿದೆ. ಟ್ರಾಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಿಗೂ ಅಲ್ಲಿ ಬಿಗಿ ಕಾನೂನು. ಗೆಳೆಯನೊಬ್ಬ "ದುಬೈಯಲ್ಲಿ ನನ್ನ ಭಾವನಿಗೆ ಕೊಟ್ಟುಬಿಡು ಮಾರಾಯ" ಎಂದು ಕೊಡುವ ಪೊಟ್ಟಣವನ್ನು ತೆಗೆದುಕೊಳ್ಳದಿದ್ದರೆ ಗೆಳೆತನ ಹಳಸೀತು. ಹಳಸಲಿ.

ಕಾಗದ ಎಲ್ಲ ಸರಿ ಇದ್ದೂ ಕಾಯಬೇಕಾಗುತ್ತದೆ. 2009ರ ಜೂನ್‌ನಲ್ಲಿ ಗುವೈಫಾತಿನ ಕಡೆ ಲಾರಿಗಳ ಸಾಲು ಹತ್ತಾರು ಕಿಲೋಮೀಟರ್ ಬೆಳೆದು, ಸುಡುವ ಬಿಸಿಲಲ್ಲಿ ಡ್ರೈವರುಗಳು ದಿನಗಟ್ಟಲೆ ನೀರಿಗೂ ಒದ್ದಾಡಿದರು. 2017ರ ಜೂನ್ 5ರಂದು ಸೌದಿ ಕತಾರಿನ ಸಂಬಂಧ ಕಡಿದಾಗ ಎರಡು ದೇಶಗಳ ನಡುವಿನ ಸಲ್ವಾ ಗೇಟು ಮುಚ್ಚಿತು. ತೆರೆದದ್ದು 2021ರ ಜನವರಿಯಲ್ಲಿ. ನಮ್ಮದೇ ದೇಶದ ಪೆಟ್ರಾಪೋಲಿನಲ್ಲೂ, 2020ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿದ ಕೂಡಲೇ, ಬಾಂಗ್ಲಾಕ್ಕೆ ಹೊರಟ ಲೋಡುಗಳು ಗೇಟಿನ ಈಚೆಯೇ ಕೊಳೆಯತೊಡಗಿದವು. ರಾಜಧಾನಿಯಲ್ಲಿ ಕೂತವರು ಒಂದು ಸಾಲು ಬರೆದರೆ ಸಾಕು, ರಸ್ತೆಯಲ್ಲಿ ಲಾರಿ ಕಲ್ಲಾಗುತ್ತದೆ. ಹೀಗಾಗಿ ನೀರು, ಡೀಸೆಲ್, ಕೈಯಲ್ಲಿ ಒಂದಿಷ್ಟು ಆ ದೇಶದ ನೋಟು ಲೆಕ್ಕಕ್ಕಿಂತ ಹೆಚ್ಚೇ ಇರಲಿ.

ತಡೆದು ಕೂರಿಸಿದರೆ ಓದಲು ಬಾರದ ಅರಬ್ಬಿ ಕಾಗದಕ್ಕೆ ಸಹಿ ಹಾಕಬಾರದು. ಭಾಷೆ ಬಲ್ಲವರನ್ನು ಕೇಳಬೇಕು. ವಿದೇಶದಲ್ಲಿ ಬಂಧಿತನಾದವನು ಕೇಳಿಕೊಂಡರೆ ಅವನ ದೇಶದ ದೂತಾವಾಸಕ್ಕೆ ತಿಳಿಸಲೇಬೇಕು ಎಂದು 1963ರ ವಿಯೆನ್ನಾ ಒಪ್ಪಂದ ಹೇಳುತ್ತದೆ. ಆದರೆ ಬಾಯಿಬಿಟ್ಟು ಕೇಳಬೇಕು. ದೂತಾವಾಸದ ನಂಬರ್ ಮೊಬೈಲಿನಲ್ಲಿದ್ದರೆ ಸಾಲದು, ಮೊಬೈಲನ್ನೇ ಮೊದಲು ಕಿತ್ತುಕೊಳ್ಳುತ್ತಾರೆ. ಒಂದು ಚೀಟಿಯಲ್ಲೂ ಇರಲಿ, ಮನೆಯವರ ಹತ್ತಿರವೂ ಇರಲಿ.

ಇದೆಲ್ಲಕ್ಕೂ ಮೊದಲಿನದು ಊರಲ್ಲೇ ಆಗಬೇಕಾದ ಕೆಲಸ. ಹತ್ತನೆಯ ತರಗತಿ ಪಾಸಾಗದವರ ಇಸಿಆರ್ (ವಲಸೆ ಅನುಮತಿ ಬೇಕಾದ) ಪಾಸ್‌ಪೋರ್ಟಿಗೆ ಗಲ್ಫ್ ಕೆಲಸಕ್ಕಾದರೆ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಬೇಕು. ಆಗ ಕೆಲಸದ ಕರಾರು ಸರ್ಕಾರದ ದಾಖಲೆಗೆ ಸೇರುತ್ತದೆ, ವಿಮೆಯೂ ಆಗುತ್ತದೆ. "ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸುವ" ಎನ್ನುವ ಏಜೆಂಟರು ಉಳಿಸಿಕೊಡುವುದು ನಾಲ್ಕು ದಿನ, ಕಳೆಯುವುದು ಈ ಆಧಾರವನ್ನು. ಕರಾರಿನಲ್ಲಿ ಸಂಬಳದ ಅಂಕಿ ಎಲ್ಲರೂ ನೋಡುತ್ತಾರೆ. ಗಡಿಯಲ್ಲಿ ಕಾಯ್ದ ದಿನಗಳ ಭತ್ಯೆ ಯಾರದು, ಸರಕಿನ ಕೇಸಾದರೆ ವಕೀಲನ ಖರ್ಚು ಯಾರದು ಎಂದು ಕೇಳಿ ಬರೆಸಿಕೊಂಡವರು ಕಡಿಮೆ. ಹಾಗೆ ಕೇಳಿದ್ದಕ್ಕೆ ಕೆಲಸವೇ ತಪ್ಪಿದ್ದೂ ಉಂಟು. ಅಂಥ ಕೆಲಸ ತಪ್ಪಿದ್ದು ನಷ್ಟವೆಂದು ನನಗನ್ನಿಸುವುದಿಲ್ಲ.